ಮಾತು ಹಿಡಿಯುವ ಕ್ಯಾಮೆರಾ

ಮಾರ್ಚ್ ೧೨, ಬುಧವಾರ

ಯಾವ ಡ್ಯಾಶ್‌ಕ್ಯಾಮ್ ಅನ್ನುವುದು ಇವತ್ತೂ ತೀರ್ಮಾನವಾಗಲಿಲ್ಲ. ಆ ಸ್ಕೂಟರಿನವನು ತಾನೇ ಬಂದು ಕಾರಿಗೆ ಗುದ್ದಿ ನನ್ನ ಮೇಲೇ ರೇಗಾಡಿದಾಗಿನಿಂದ ಕ್ಯಾಮೆರಾ ಬೇಕೆಂದು ಹಟ ಹಿಡಿದವಳು ನಾನೇ. ಆದರೆ ಇವರು ಆರಿಸಿರುವುದು ಕಾರಿನೊಳಗಿನ ಮಾತನ್ನೂ ಹಿಡಿದಿಡುತ್ತದಂತೆ. "ಮಾತಿಲ್ಲದಿದ್ರೆ ಅದೆಂಥ ಸಾಕ್ಷಿ ಕಣೇ?" ಅನ್ನುತ್ತಾರೆ.

ನನಗೆ ಅದೇ ದಿಗಿಲು. ಮನೆಯಲ್ಲಿ ಅತ್ತೆಗೆ ಬನ್ನಿ, ಹೋಗಿ ಅನ್ನುವ ನಾನು, ಒಬ್ಬಳೇ ಸ್ಟೀರಿಂಗ್ ಹಿಡಿದೊಡನೆ ಏಕವಚನಕ್ಕೆ ಇಳಿಯುತ್ತೇನೆ. "ಉಪ್ಪು ಕಮ್ಮಿನಾ? ಕೈಯಿಲ್ವೇನೇ ನಿಂಗೆ? ನೀನೇ ಹಾಕ್ಕೊಳ್ಳೇ!" ಅಷ್ಟು ಬೈದರೆ ಮನಸ್ಸು ಹಗುರ. ಇವರು ಅದನ್ನು ಕೇಳಿಸಿಕೊಂಡರೆ?

ಊಟಕ್ಕೆ ಕೂತಾಗ ಅತ್ತೆಯೇ ಮಗನಿಗೆ ಹೇಳಿದರು: "ಮಾತು ಹಿಡಿಯೋದು ಬೇಡ ಕಣೋ. ಕಾರಲ್ಲಾದ್ರೂ ಅವಳು ಬಾಯ್ತುಂಬ ಮಾತಾಡ್ಲಿ."

ಹೋದ ಜೀವ ಬಂದಂತಾಯಿತು. ಆದರೆ ಈಗ ನಿದ್ದೆಯೇ ಹತ್ತುತ್ತಿಲ್ಲ. ಸೋಮವಾರ ಆಸ್ಪತ್ರೆಯಿಂದ ಕರೆತರುವಾಗ, ಅತ್ತೆ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಾರೆಂದು ಬಾಯಿ ಬಿಟ್ಟಿದ್ದೆ. ಗೊರಕೆ ಕೇಳಿಸುತ್ತಿತ್ತು. ಕೇಳಿಸುತ್ತಿತ್ತು ತಾನೇ? ಹಾಗಾದರೆ ಇವತ್ತು ಅವರು ಉಪ್ಪಿನ ಡಬ್ಬಿಯನ್ನು ತಾವೇ ಹತ್ತಿರ ಎಳೆದುಕೊಂಡು, ನನ್ನ ಕಡೆ ನೋಡದೆ…