ಮೋಟಾರಿನ ಮೇಲಿನ ಕೆಂಪು ಚುಕ್ಕೆ

ಮಾರ್ಚ್ ೯, ಸೋಮವಾರ

ಕೊಟ್ಟಿದ್ದ ಮುಂಗಡ ವಾಪಸು ಬಂತು, ಹೊಟ್ಟೆಯ ಉರಿ ಮಾತ್ರ ಇಳಿದಿಲ್ಲ.

ಹೋದ ಸಲವೇ ಆ ರಿಪೇರಿ ಅಂಗಡಿಯವನ ಮೇಲೆ ಅನುಮಾನ ಬಂದಿತ್ತು. ಅದಕ್ಕೇ ಈ ಸಲ ಮಿಕ್ಸಿ ಕೊಡುವ ಮುಂಚೆ ತಳದ ಸ್ಕ್ರೂ ಬಿಚ್ಚಿ, ಮೋಟಾರಿನ ಮೇಲೆ ನೇಲ್ ಪಾಲಿಶ್‌ನ ಕೆಂಪು ಚುಕ್ಕೆ ಇಟ್ಟಿದ್ದೆ. "ಮಿಕ್ಸಿಗೂ ಅಲಂಕಾರನಾ?" ಎಂದು ಇವರು ನಕ್ಕಿದ್ದರು.

ಇವತ್ತು ಹೋದಾಗ, "ಹಳೇ ಮೋಟಾರ್ ಸುಟ್ಟೋಗಿತ್ತು ಅಕ್ಕ, ಹೊಸದು ಹಾಕಿದೀನಿ" ಎಂದು ಬಿಲ್ಲು ಚಾಚಿದ.

"ಒಂದ್ಸಲ ಬಿಚ್ಚಿ ತೋರ್ಸಪ್ಪ" ಎಂದೆ.

ಗೊಣಗುತ್ತಲೇ ಬಿಚ್ಚಿದ. ನನ್ನ ಚುಕ್ಕೆ ಇಟ್ಟಲ್ಲೇ ಕೂತು ನಮ್ಮಿಬ್ಬರನ್ನೂ ನೋಡುತ್ತಿತ್ತು.

ತಲೆ ತಗ್ಗಿಸುತ್ತಾನೆ ಅಂದುಕೊಂಡಿದ್ದೆ. ಎಲ್ಲಿಯ ನಾಚಿಕೆ. ಬಿಲ್ಲು ಹರಿದು, ಮುಂಗಡ ನನ್ನ ಕೈಗಿಟ್ಟು, ಅದೇನು ಬಣ್ಣ ಎಂದು ಉಗುರಿನಲ್ಲಿ ಕೆರೆದು ನೋಡಿದ. ನಾನು ಇನ್ನೂ ಮೆಟ್ಟಿಲು ಇಳಿದಿರಲಿಲ್ಲ, ಒಳಗಿದ್ದ ಮೆಕ್ಯಾನಿಕ್‌ಗೆ ಕೂಗಿ ಹೇಳಿದ:

"ಇನ್ಮೇಲೆ ಯಾರ ಮಿಕ್ಸಿ ಬಂದ್ರೂ ಮೊದ್ಲು ಒಳಗೆಲ್ಲ ಪೇಂಟ್ ಥಿನ್ನರ್ ಹಾಕಿ ಒರೆಸ್ಬಿಡಪ್ಪ."

ಗೆದ್ದು ಬಂದೆ ಎಂದು ಇವರಿಗೆ ಹೇಳಿದ್ದೇನೆ. ಊಟ ಮುಗಿಯುವವರೆಗೂ ಹೊಗಳಿದರು. ಕಳ್ಳನಿಗೆ ಕಸುಬು ಕಲಿಸಿ ಬಂದೆ ಎಂದು ಯಾವ ಬಾಯಲ್ಲಿ ಹೇಳಲಿ?