ಕುಚೇರಾನ ಕೊನೆಯ ಹೊಡೆತ

೭ ಸೆಪ್ಟೆಂಬರ್ ೧೯೫೩, ಸೋಮವಾರ

ಆ ಚೆಂಡು ಇನ್ನೂ ಕಣ್ಣೆದುರು ಪುಟಿಯುತ್ತಿದೆ.

ಇಂದು ನಮ್ಮೂರಿನ ಬೇಸ್‌ಬಾಲ್ ತಂಡಕ್ಕೆ ಈ ಸೀಸನ್ನಿನ ಕಡೆಯ ಪಂದ್ಯ. ನಮ್ಮ ತಂಡದ ಡೆಲ್ಬರ್ಟ್ ಕುಚೇರಾನ ಸರಾಸರಿ ಹತ್ತು ಸರದಿಗೆ ಮೂರು ಹೊಡೆತಗಳನ್ನು ಮುಟ್ಟಲು ಒಂದೇ ಹೊಡೆತ ಬಾಕಿಯಿತ್ತು. ಮುಟ್ಟಿದ್ದರೆ ಮೇಲಿನ ಲೀಗಿನ ತಂಡವೊಂದು ಅವನನ್ನು ಕರೆಸಿಕೊಳ್ಳುತ್ತಿತ್ತು. ಇಲ್ಲವಾದರೆ ಉಕ್ಕಿನ ಕಾರ್ಖಾನೆಯ ಕುಲುಮೆಯೇ ಗತಿ. ಕೊನೆಯ ಸರದಿಯಲ್ಲಿ ಅವನು ಹೊಡೆದ ಚೆಂಡು ಪುಟಿಯುತ್ತ ನೇರವಾಗಿ ಎದುರಾಳಿ ಫೀಲ್ಡರನ ಕೈಗವಸು ಸೇರಿ, ಅಲ್ಲಿಂದ ಜಾರಿತು. ಡೆಲ್ಬರ್ಟ್ ಓಡಿ ಬೇಸ್ ಮುಟ್ಟಿದ. ಅದು ಇವನ ಹೊಡೆತವೋ, ಹಿಡಿಯಬೇಕಾದವನ ತಪ್ಪೋ ಎಂದು ತೀರ್ಮಾನಿಸಬೇಕಾದ ಅಧಿಕೃತ ಸ್ಕೋರರ್ ನಾನು. ಫೀಲ್ಡರನ ತಪ್ಪು ಎಂದೆ; ಹೊಡೆತ ಡೆಲ್ಬರ್ಟ್‌ನ ಲೆಕ್ಕಕ್ಕೆ ಸೇರಲಿಲ್ಲ. ನಮ್ಮೂರಿನವರೆಲ್ಲ ಎದ್ದುನಿಂತು ಕೂಗಾಡಿದರು.

ಆಟ ಮುಗಿದದ್ದೇ ಮ್ಯಾನೇಜರ್ ಟ್ಯಾಂಡಿ ಏದುಸಿರು ಬಿಡುತ್ತ ನನ್ನ ಅಟ್ಟಣೆ ಹತ್ತಿ ಬಂದ.

"ಅಲ್ಲ ಮೇಷ್ಟ್ರೇ, ಸ್ಕೂಲ್ ಬಿಟ್ರೂ ಫೇಲ್ ಮಾಡೋ ಚಟ ಬಿಡ್ಲಿಲ್ವಲ್ರೀ ನೀವು! ತಿದ್ದಿಬಿಡಿ, ಯಾರಪ್ಪನ ಗಂಟು ಹೋಗುತ್ತೆ?"

ತಿದ್ದಲು ನಿಯಮದಲ್ಲಿ ಅವಕಾಶವಿತ್ತು. ಪೆನ್ಸಿಲನ್ನು ತಿರುಗಿಸಿ ಅದರ ರಬ್ಬರಿನ ತುದಿಯನ್ನು ಹಾಳೆಯವರೆಗೆ ಒಯ್ದೆನೆಂಬುದನ್ನು ಇಲ್ಲಿ ಮಾತ್ರ ಬರೆಯಬಲ್ಲೆ.

ಟ್ಯಾಂಡಿಯ ಬೆನ್ನಹಿಂದೆಯೇ ಡೆಲ್ಬರ್ಟ್ ಬಂದು ನಿಂತಿದ್ದ.

"ಬೇಡ ಬಿಡಿ ಸಾರ್," ಎಂದ ಟ್ಯಾಂಡಿಗೆ. "ಇದೊಂದನ್ನ ಮೇಷ್ಟ್ರು ದಾನ ಕೊಟ್ರೆ, ಉಳಿದವನ್ನೂ ಹಂಗೇ ಕೊಟ್ಟಿರ್ಬೇಕು ಅಂದ್ಕೊಳ್ತಾರೆ ಜನ. ಅವೆಲ್ಲ ನಾನೇ ಹೊಡೆದಿದ್ದು."

ಟೋಪಿ ತೆಗೆದು ನನ್ನ ಕೈ ಕುಲುಕಿದ. ಬ್ಯಾಟು ಹಿಡಿದು ದಡ್ಡುಗಟ್ಟಿದ ಅಂಗೈ.

ನನ್ನ ತೀರ್ಮಾನದ ಬಗ್ಗೆ ಈಗಲೂ ಸಂಶಯವಿಲ್ಲ. ಆದರೂ ಕಣ್ಣು ಮುಚ್ಚಿದೊಡನೆ ಚೆಂಡು ಮತ್ತೆ ಪುಟಿಯುತ್ತದೆ. ಆ ಕೈಗವಸಿಗೆ ಎಟುಕದಂತೆ ಒಂದು ಗೇಣು ಆಚೆ ಹೋಗಬಾರದಿತ್ತೇ ಎಂದು ಮನಸ್ಸು ಕೇಳುತ್ತದೆ.