ಹನ್ನೊಂದು ಜನರ ಫೋಟೊ

ಸೇಲಂ
26 ಜನವರಿ 2025

ಪ್ರೀತಿಯ ತಂಗಿ ಕಲೈವಾಣಿಗೆ ಅಕ್ಕ ಮಾಡುವ ಆಶೀರ್ವಾದ.

ಮೇಚೇರಿಯಲ್ಲಿ ನೀನೂ ಮಕ್ಕಳೂ ಸೌಖ್ಯವೆಂದು ನಂಬಿದ್ದೇನೆ. ಪೊಂಗಲ್ ಮುಗಿದಾಗಿನಿಂದ ನೀನು ನಾಲ್ಕು ಸಲ ಫೋನ್ ಮಾಡಿದೆ, ನಾಲ್ಕು ಸಲವೂ ನಾನು ಎತ್ತಲಿಲ್ಲ. ತಪ್ಪು ನನ್ನದೇ, ಬೈದುಕೋ. ಫೋನಿನಲ್ಲಿ ಮಾತಾಡಿದರೆ ಮಗ್ಗದಲ್ಲಿ ಕೂತ ನಿನ್ನ ಭಾವನ ಕಿವಿ ಇತ್ತಲೇ ಇರುತ್ತದೆ. ಈ ಮನೆಯಲ್ಲಿ ಕನ್ನಡ ಆಡುವವರೇ ಎಲ್ಲ, ಬರೆದರೆ ಓದುವವರು ಯಾರೂ ಇಲ್ಲ. ಅಪ್ಪ ಮಗ್ಗದ ಮನೆಯ ಗೋಡೆಯ ಮೇಲೆ ನಮ್ಮಿಬ್ಬರಿಗೆ ಅಕ್ಷರ ತಿದ್ದಿಸಿದ್ದು ಇವತ್ತು ಉಪಯೋಗಕ್ಕೆ ಬಂತು. ತಪ್ಪಿದ್ದರೆ ನಗಬೇಡ.

ಹಬ್ಬಕ್ಕೆ ಮಗ್ಗ ನಿಲ್ಲಿಸಿ, ಕಂಬೈನಲ್ಲೂರಿನ ಹತ್ತಿರ ನನ್ನ ಮೈದುನ ಮುರುಗೇಶನ ತೋಟದ ಮನೆಗೆ ಮೂರು ದಿನ ಹೋಗಿದ್ದೆವು. ರಜೆಯಂತೆ ರಜೆ! ಹನ್ನೆರಡು ಜನರಿಗೆ ಬೇಯಿಸಿ ಹಾಕುವುದು ಯಾರ ರಜೆ, ನೀನೇ ಹೇಳು. ಹಬ್ಬದ ಕಡೆಯ ದಿನ, ಕಾಣುಂ ಪೊಂಗಲ್ ಬೆಳಗ್ಗೆ ಮುರುಗೇಶ, “ಎಲ್ಲಾರೂ ಮಲೆ ಅತ್ತಣ ಅತ್ತಿಗೆ, ಪನಿ ಬಿದ್ದೈತೆ, ಮೇಲಿಂದ ನೋಡಿದ್ರೆ ಸೂಪರಾಗಿರ್ತೈತೆ” ಎಂದ. ಅವನು ಬೆಟ್ಟ ಹತ್ತೋಣ ಎಂದ ಮೇಲೆ ಮುಗಿಯಿತು. ಮಂಜು ಕವಿದ ಕೊರೆಯುವ ಚಳಿಯಲ್ಲಿ ಒಲೆ ಹಚ್ಚಿ, ಅನ್ನಕ್ಕೆ ಹುಣಸೆ ಗೊಜ್ಜು ಹಾಕಿ ಹನ್ನೆರಡು ಜನಕ್ಕೂ ಪುಳಿಸಾದ ಕಲಸಿದೆ. ಆ ದೊಡ್ಡ ಡಬ್ಬ ಯಾರು ಹೊತ್ತರೆಂದು ಕೇಳಬೇಡ.

ನನ್ನ ಮಂಡಿಯ ವಿಷಯ ನಿನಗೆ ಗೊತ್ತು. ಮೂವತ್ತು ವರ್ಷ ಗುಂಡಿಮಗ್ಗ ತುಳಿದ ಕಾಲು. ಅರ್ಧ ದಾರಿಯಲ್ಲಿ ಚಪ್ಪಲಿಯ ಪಟ್ಟಿಯೂ ಕಿತ್ತುಬಂತು. “ಏನ್ರೀ, ವಸಿ ನಿಂತ್ಕೊಳ್ರಿ” ಎಂದು ಕೂಗಿದೆ. ನಿನ್ನ ಭಾವ ತಿರುಗಿಯೂ ನೋಡದೆ, “ಬಾ ಬಾ, ಮೆದುವಾ ಬಾ” ಎಂದು, ನಿಧಾನಕ್ಕೆ ಬರಲಿ ಎಂಬಂತೆ ಕೈಯಾಡಿಸಿ ಹೊರಟೇ ಹೋದರು. ಪಟ್ಟಿಗೆ ಪಿನ್ನು ಚುಚ್ಚಿ ತಲೆಯೆತ್ತುವಷ್ಟರಲ್ಲಿ ಮಂಜು ಬಿಟ್ಟರೆ ಮುಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ದಾರಿ ಬೇರೆ ಎರಡಾಗಿ ಒಡೆದಿತ್ತು. ಗಂಟಲು ಹರಿಯುವ ಹಾಗೆ ಕೂಗಿದೆ. ನನ್ನ ಫೋನು ಅವರ ಚೀಲದಲ್ಲಿತ್ತು.

ಬಂಡೆಯ ಮೇಲೆ ಕೂತೆ. ಎಷ್ಟು ಹೊತ್ತು ಗೊತ್ತೇ? ಎರಡು ಗಂಟೆ. ಮೊದಲು ಹೆದರಿಕೆಯಾಯಿತು, ಆಮೇಲೆ ಅಳು ಬಂತು, ಅದಾದ ಮೇಲೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಹಾಸಿನ ಸಾವಿರಾರು ಎಳೆಯಲ್ಲಿ ಒಂದೇ ಒಂದು ಕಡಿದರೂ ಮಗ್ಗ ನಿಲ್ಲಿಸಿ, ಹುಡುಕಿ, ಗಂಟು ಹಾಕಿದ ಮೇಲೆಯೇ ಮುಂದಿನ ಲಾಳಿ ಎಸೆಯುವ ಮನುಷ್ಯ! ಹನ್ನೆರಡು ಜನರಲ್ಲಿ ಹೆಂಡತಿಯೊಬ್ಬಳು ಕಡಿಮೆಯಾದದ್ದು ಆ ಕಣ್ಣಿಗೆ ಕಾಣಿಸಲಿಲ್ಲ.

ಮೇಕೆ ಮೇಯಿಸುವ ಮುದುಕಿಯೊಬ್ಬಳು ಬಂದಳು. “ಯಾಕವ್ವಾ, ಒಬ್ಳೇ ಕುಂತಿದ್ದೀಯ? ನಿನ್ ಕಡೆಯೋರು ಆಗ್ಲೇ ಮೇಲೆ ಓಗಿ ಕುಣೀತಾವ್ರೆ” ಎಂದಳು. ಡಬ್ಬ ಬಿಚ್ಚಿದೆ ನೋಡು! ಅವಳಿಗೆ ಹೊಟ್ಟೆತುಂಬ ಬಡಿಸಿದೆ, ನಾನೂ ಉಂಡೆ. “ಸಾಕು ತಾಯಿ, ಅವ್ರಿಗೆ ಬ್ಯಾಡ್ವಾ?” ಎಂದಳು. “ಬ್ಯಾಡ” ಎಂದು ಉಳಿದದ್ದನ್ನೆಲ್ಲ ಅವಳ ಪಾತ್ರೆಗೆ ಸುರಿದೆ.

ಮೇಲೆ ಅವರು ಸೀನರಿ ನೋಡಿ, ಫೋಟೊ ಹೊಡೆದು, ಹಸಿವಾದ ಮೇಲೆ “ಡಬ್ಬ ಯಾರತ್ರ ಐತೆ?” ಎಂದು ಕೇಳಿಕೊಂಡರಂತೆ. ಆಗ ಗೊತ್ತಾಯಿತಂತೆ ನಾನಿಲ್ಲವೆಂದು. ಇದನ್ನು ಹೇಳಿದವಳು ಮುರುಗೇಶನ ಹೆಂಡತಿ ಪೂಂಗೊಡಿ. ಪಾಪ, ಅವಳು ನಾಚಿಕೊಂಡೇ ಹೇಳಿದಳು.

ನಿನ್ನ ಭಾವ ಏದುಸಿರು ಬಿಡುತ್ತಾ ಇಳಿದು ಬಂದು ಮೊದಲು ಆಡಿದ ಮಾತು ಇದು: “ಎಲ್ಲಿಗ್ ಓಗಿದ್ದೆ? ಎಲ್ಲಾರೂ ಅಸ್ಕೊಂಡವ್ರೆ. ಡಬ್ಬ ಕೊಡು.”

ಕೊಟ್ಟೆ. ಖಾಲಿ ಡಬ್ಬ.

“ಸಾದ ಎಲ್ಲಿ?”

“ಮೇಕೆ ತಿಂತು.”

ಅವರ ಹಿಂದೆಯೇ ಇಳಿದು ಬಂದ ಎಲ್ಲರೂ ನಕ್ಕರು, ಕಲೈ. ಇವಳಿಗೆ ತಲೆ ಕೆಟ್ಟಿದೆಯೆಂದು ನಿನ್ನ ಭಾವನೂ ನಕ್ಕರು. ಎರಡು ಗಂಟೆ ಏನು ಮಾಡಿದೆ, ಕಾಲು ನೋಯುತ್ತದಾ ಎಂದು ಒಬ್ಬರೂ ಕೇಳಲಿಲ್ಲ. ವ್ಯಾನು ಹತ್ತುವ ಮುಂಚೆ ನೀರಿನ ಬಾಟಲಿಗಳನ್ನು ಮಾತ್ರ ಎರಡು ಸಲ ಎಣಿಸಿದರು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಅಮ್ಮ ಹೇಳುತ್ತಿದ್ದದ್ದು ಯಾರನ್ನು ನೋಡಿ ಹೇಳಿದ್ದಳೋ!

ವ್ಯಾನಿನಲ್ಲಿ ಫೋನು ಕೈಗೆ ಬಂತು. ನೀನೂ ಇರುವ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಆ ಫೋಟೊ ಆಗಲೇ ಬಂದು ಕೂತಿತ್ತು. ಹನ್ನೊಂದು ಜನ ಹಲ್ಲುಕಿರಿದು ನಿಂತಿದ್ದಾರೆ. ಕೆಳಗೆ, ಎಲ್ಲರೂ ಮಲೆ ಹತ್ತಿದೆವು ಎಂದು ನಿನ್ನ ಭಾವ ತಮಿಳಿನಲ್ಲಿ ಬರೆದಿದ್ದರು. ಎಲ್ಲರೂ!

ಅಂದಿನಿಂದ ಅವರಿಗೆ ಅನ್ನ ಬಡಿಸುತ್ತೇನೆ, ಮಾತು ಬಡಿಸುವುದಿಲ್ಲ. ಹತ್ತು ದಿನವಾಯಿತು, ಅದೂ ಅವರಿಗೆ ಇನ್ನೂ ಗೊತ್ತಾದ ಹಾಗಿಲ್ಲ.

ಇರಲಿ. ಚಳಿ ಇನ್ನೂ ಹೋಗಿಲ್ಲ, ಮಕ್ಕಳಿಗೆ ತಣ್ಣೀರು ಕೊಡಬೇಡ. ನಿನ್ನ ಯಜಮಾನರಿಗೆ ನನ್ನ ನಮಸ್ಕಾರ ತಿಳಿಸು. ಮುತ್ತೈದೆಯಾಗಿ, ಮಕ್ಕಳ ತಾಯಾಗಿ ನೂರು ವರ್ಷ ಬಾಳು.

ನಿನ್ನ ಅಕ್ಕ,
ಮೇನಕಾ

ಮರೆತಿದ್ದೆ: ಫೋಟೊದ ಕೆಳಗೆ ಮೊದಲು ಬಂದ ಮೆಸೇಜು ನಿನ್ನದು. “ಸೂಪರ್ ಅಕ್ಕಾ! ಅರಿಶಿನ ಸೀರೆ ನಿಂಗೆ ಚೆನ್ನಾಗೈತೆ” ಎಂದು ಬರೆದಿದ್ದೆ. ಅರಿಶಿನ ಸೀರೆಯವಳು ಪೂಂಗೊಡಿ, ಕಲೈ.